ಆಪರೇಷನ್ನಿಗೆ ಮುಂಚಿನ ರಕ್ತ

ಡಾಕ್ಟರಮ್ಮ ಎರಡು ರಿಪೋರ್ಟುಗಳನ್ನೂ ಪಕ್ಕಪಕ್ಕ ಇಟ್ಟು, ಎದುರು ಕೂತಿದ್ದ ಅಕ್ಕತಂಗಿಯರಲ್ಲಿ ತಂಗಿಯನ್ನು ಕನ್ನಡಕದ ಮೇಲಿಂದ ದಿಟ್ಟಿಸಿದರು. "ಆಪರೇಷನ್ನಿಗೆ ಮುಂಚಿನ ರಕ್ತದಲ್ಲಿ ಥೈರಾಯ್ಡನ್ನೇ ತಿನ್ನೋ ಪ್ರತಿಕಾಯಗಳು ವಿಪರೀತ ಇದ್ವು. ಈಗ ಇಲ್ಲವೇ ಇಲ್ಲ. ಗ್ರಂಥಿ ತೆಗೆದ್ರೂ ಅವು ಇಳಿಯೋಕೆ ಎಷ್ಟೋ ತಿಂಗಳು ಬೇಕು. ಈ ಎರಡೂ ನಿಮ್ಮ ರಕ್ತಾನೇನಾ?"

ತಂಗಿ ಕುತ್ತಿಗೆಯ ಪಟ್ಟಿ ಮುಟ್ಟಿಕೊಂಡಳು. ಸೂಜಿ ಕಂಡರೆ ಅವಳಿಗೆ ಜೀವ ಹೋಗುತ್ತದೆ. ಆಪರೇಷನ್ನಿಗೆ ಮುಂಚೆ ಲ್ಯಾಬಿನಲ್ಲಿ ಅವಳ ಹೆಸರು ಕೂಗಿದಾಗ ಅಕ್ಕನೇ ಎದ್ದು ಹೋಗಿ ತೋಳು ಚಾಚಿದ್ದಳು. "ಗಂಟು ಸ್ಕ್ಯಾನಲ್ಲೇ ಕಂಡಾಗಿದೆ, ಇದು ಬರೀ ಶಾಸ್ತ್ರಕ್ಕೆ ಕಣೇ. ಒಂದೇ ಹೊಟ್ಟೇಲಿ ಹುಟ್ಟಿದೋರ ರಕ್ತ ಬೇರೆ ಇರುತ್ತಾ?" ಎಂದು ನಕ್ಕಿದ್ದಳು.

"ಲ್ಯಾಬಿನೋರದೇ ಎಡವಟ್ಟು ಡಾಕ್ಟ್ರೇ," ಪಕ್ಕದಲ್ಲಿ ಕೂತಿದ್ದ ಅಕ್ಕ ಕೇಳದೆಯೇ ಬಾಯಿ ಹಾಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು. ಮೇಜಿನಡಿಯಲ್ಲಿ ತಂಗಿಯ ಕಾಲನ್ನೂ ತುಳಿದಳು. ಬಾಯಿ ಬಿಟ್ಟರೆ ಇಬ್ಬರಿಗೂ ಮಂಗಳಾರತಿ ಖಂಡಿತ ಎಂದು ತಂಗಿಗೂ ಗೊತ್ತಿತ್ತು. ಆದರೆ ಆ ಪ್ರತಿಕಾಯಗಳು ಅಕ್ಕನ ಮೈಯಲ್ಲಿವೆ ಎಂದು ಹೊಳೆದು ಅವಳು ಅಕ್ಕನ ಕಡೆ ತಿರುಗಿದಳು. ಅಂಥ ಸೆಕೆಯಲ್ಲೂ ಅಕ್ಕ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಕೂತಿದ್ದಳು. ಕಣ್ಣಿನ ಸುತ್ತ ಊದಿಕೊಂಡಿತ್ತು. 'ವಯಸ್ಸಾಯ್ತು, ಸುಸ್ತು' ಎಂಬ ಅವಳ ಮಾತನ್ನು ಮನೆಯಲ್ಲಿ ಎಲ್ಲರೂ ನಂಬಿದ್ದರು.

ತಂಗಿ ಅಕ್ಕನ ಮಣಿಕಟ್ಟು ಹಿಡಿದುಕೊಂಡಳು. ಅದು ತಣ್ಣಗೆ ಕೊರೆಯುತ್ತಿತ್ತು.

"ಮೊದಲನೇದು ಇವಳ ರಕ್ತ ಡಾಕ್ಟ್ರೇ. ಬೈಯೋದು ಆಮೇಲೆ ಬೈಯಿರಿ, ಮೊದಲು ಇವಳನ್ನ ನೋಡಿ."