ಮಲ್ಲೇಶಿಯ ತುಂಡು

ಹಳೇ ಹುಬ್ಬಳ್ಳಿಯ ಆ ವಠಾರದವರು ಸಂಜೆಯಾದರೆ ನಾಯಿಗಳಾಗಿ ಓಣಿ ಕಾಯುತ್ತಿದ್ದರು, ಬೆಳಗಾದರೆ ಮನುಷ್ಯರಾಗಿ ಕೆಲಸಕ್ಕೆ ಹೋಗುತ್ತಿದ್ದರು. ಎಲ್ಲರ ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿಯೊಂದು ಬಾಗಿಲಲ್ಲಿ ಹಾಸಿರುತ್ತಿತ್ತು. ನಾಯಿಯಾದಾಗ ತಮ್ಮವರು ಯಾರೆಂದು ಅವರಿಗೆ ತಿಳಿಯುತ್ತಿದ್ದುದು ಆ ಕೌದಿಯಲ್ಲಿದ್ದ ಅವರವರ ತುಂಡಿನ ವಾಸನೆಯಿಂದಲೇ.

ನಿಂಗವ್ವನ ತಮ್ಮ ಮಲ್ಲೇಶಿ ಕೆಂಚು ನಾಯಿಯಾಗಿ ಹೋದವನು ತಿರುಗಿ ಬಂದಿರಲಿಲ್ಲ.

“ಇಪ್ಪತ್ತೊಂದು ದಿನ ಆತು. ಇನ್ನ ಅಂವ ಮನಷ್ಯಾ ಆಗೂದಿಲ್ಲ,” ಎಂದ ವಠಾರದ ಹಿರಿಯ ಫಕೀರಜ್ಜ. “ಅವನ ತುಂಡು ಬಿಚ್ಚವಾ.”

“ಹೊಲದಾಕಿ ನಾನ ಅಲ್ಲೇನಜ್ಜಾ.”

“ಅದಕ್ಕ ನೀನ ಬಿಚ್ಚಬೇಕು.”

ಅವಳಿಗೆ ಅಳು ಬರಲಿಲ್ಲ. ತಮ್ಮನ ನೀಲಿ ಅಂಗಿಯ ತುಂಡನ್ನು ಬಿಚ್ಚಿ, ಆ ಜಾಗಕ್ಕೆ ತನ್ನ ಸೀರೆಯ ಚೂರು ಹಚ್ಚಿ, ಕೌದಿಯ ಅಷ್ಟು ಭಾಗವನ್ನು ಸೋಡಾ ನೀರಿನಲ್ಲಿ ಒಗೆದು, ಒಣಗಿಸಿ ಮತ್ತೆ ಬಾಗಿಲಲ್ಲಿ ಹಾಸಿದಳು. ಆಮೇಲೆ ಎಂದಿನಂತೆ ರೊಟ್ಟಿ ಬಡಿದಳು.

ಮುಸ್ಸಂಜೆ ಎಲ್ಲರೂ ನಾಯಿಗಳಾಗಿ ಬಾಗಿಲಲ್ಲಿ ನೆರೆದಾಗ ಎಲ್ಲಿಯದೋ ಒಂದು ಕೆಂಚು ನಾಯಿ ಕುಂಟುತ್ತ ಬಂತು. ಬಾಲ ಆಡಿಸುತ್ತ ನೇರವಾಗಿ ಕೌದಿಯ ಮೇಲೆ ಹೋಗಿ ಮಲಗಿತು.

ಎಲ್ಲರಿಗಿಂತ ಮೊದಲು ಹಲ್ಲು ಕಿರಿದು ಅದರ ಮೇಲೆರಗಿದವಳು ನಿಂಗವ್ವ.