ದುಭಾಷಿ

ಭೂಮಿಯ ಮೇಲಿನ ಏಳು ಸಾವಿರ ಭಾಷೆಗಳೂ ನನಗೆ ಬರುತ್ತವೆ. ಮೀನಿನ ಭಾಷೆಯಲ್ಲಿ ಮಾತ್ರ ಸ್ವಲ್ಪ ತೊದಲುತ್ತೇನೆ. ಗಡಿ ಠಾಣೆಯಲ್ಲಿ ನನ್ನನ್ನು ದುಭಾಷಿಯಾಗಿ ಇಟ್ಟುಕೊಂಡದ್ದೇ ಅದಕ್ಕೆ.

ಅವತ್ತು ಗಡಿ ದಾಟಿ ಬಂದ ಹೆಂಗಸೊಬ್ಬಳು ಬೆಂಚಿನ ಮೇಲೆ ಕೂತು "ಲೆಮೂ" ಎಂದಳು.

"ಇವಳ ಊರಿಗೇ ಬೆಂಕಿ ಇಟ್ರಂತೆ ಸಾರ್," ಎಂದೆ.

ಸಾಹೇಬರು ನನ್ನನ್ನು ಓರೆಗಣ್ಣಿನಿಂದ ನೋಡಿದರು. ಅವಳು ಮತ್ತೆ "ಲೆಮೂ" ಎಂದಳು.

"ವಾಪಸ್ ಹೋದ್ರೆ ಕೊಲ್ತಾರಂತೆ. ಅಂಥವರನ್ನ ಹಿಂದಕ್ಕೆ ಅಟ್ಟಬಾರದು ಅಂತ ಅಂತರರಾಷ್ಟ್ರೀಯ ಕಾನೂನೇ ಇದೆಯಂತೆ."

"ಆ ಒಪ್ಪಂದಕ್ಕೆ ನಮ್ಮ ದೇಶ ಸಹಿ ಹಾಕಿಲ್ಲ ಅಂತ ಹೇಳು."

ನಾನು ಬಾಯಿಗೆ ಬಂದದ್ದನ್ನು ಗೊಣಗಿದೆ. "ಲೆಮೂ," ಎಂದಳು.

"ಸಹಿ ಹಾಕದೇ ಇರೋರಿಗೂ ಅದು ಅನ್ವಯಿಸುತ್ತಂತೆ ಸಾರ್."

"ಮೂರು ಸಲವೂ ಅವಳು ಹೇಳಿದ್ದು ಒಂದೇ ಪದ ಕಣಯ್ಯಾ! ನೋಡ್ತಿರೋದು ನನ್ನ ನೀರಿನ ಹೂಜಿ. ನಿಜ ಬೊಗಳು, ಇಲ್ಲಾಂದ್ರೆ ಈಗಲೇ ಲಾರಿ ಹತ್ತಿಸಿ ಕಳಿಸ್ತೀನಿ ಇವಳನ್ನ."

"ಇವಳ ಭಾಷೆ ನನಗೆ ಬರಲ್ಲ ಸಾರ್. ಕಾನೂನು ನಾನು ಓದಿಕೊಂಡದ್ದು. ಉಳಿದದ್ದು ನಮ್ಮವ್ವ ಇದೇ ಬೆಂಚಿನ ಮೇಲೆ ಕೂತು ಹೇಳಿದ್ದು. ಅವತ್ತಿನ ದುಭಾಷಿ 'ನೀರು ಕೇಳ್ತಿದಾಳೆ' ಅಂದ. ನೀರು ಕುಡಿಸಿ ಅವ್ವನನ್ನ ಲಾರಿ ಹತ್ತಿಸಿದ್ರು. ನಾನು ಬೆಂಚಿನ ಕೆಳಗೆ ಅಡಗಿದ್ದೆ."