ನಂಬರಿನ ಗಿಡಗಳು

ಕೃಷಿ ಸಂಶೋಧನಾ ಕೇಂದ್ರದ ಸಿಹಿತುಳಸಿ ಪಾತಿಗಳಲ್ಲಿ ಚಿಕ್ಕತಾಯಮ್ಮ ಆರು ವರ್ಷದಿಂದ ಕಳೆ ಕೀಳುತ್ತಿದ್ದಳು. ಸಕ್ಕರೆಯನ್ನೂ ಮೀರಿಸುವ ಸಿಹಿ ಆ ಎಲೆಗಳದ್ದು. ಆದರೆ ಒಂದು ಗಿಡಕ್ಕೂ ಹೆಸರಿಲ್ಲ, ಬರೀ ನಂಬರು. "ಬದುಕಿ ಗಟ್ಟಿಯಾಗಿ ನಿಂತ ತಳಿಗೆ ಮಾತ್ರ ಹೆಸರಿಡೋದು" ಎಂದು ಅಲ್ಲಿ ಹೊಸ ತಳಿ ಬೆಳೆಸುವ ಮೇಡಂ ಹಿಂದೊಮ್ಮೆ ಹೇಳಿದ್ದರು.

ಅವತ್ತು ಅವಳು ಮಗಳ ಲಗ್ನಪತ್ರಿಕೆ ಕೊಡಲು ಬಂದಾಗ ಮೇಡಂ ಒಂದು ಸಾಲಿನ ಬಡಕಲು ಸಸಿಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದರು.

"ಇವ್ಕೇನಾಯ್ತು ಮೇಡಮ್ನೋರೆ?"

"ಒಂದೇ ತಾಯಿಗಿಡದವನ್ನ ಕೂಡಿಸಿ ನೋಡಿದ್ದೆ. ಬೀಜ ಹೆಚ್ಚಿನವು ಜೊಳ್ಳಾದವು. ಹುಟ್ಟಿದವೂ ಏಳಿಗೆಯಾಗಲಿಲ್ಲ." ಮೇಡಂ ಪತ್ರಿಕೆ ಬಿಡಿಸಿದರು. "ಹುಡುಗ ಯಾರು?"

"ನನ್ನ ಕಿರೀ ತಮ್ಮನೇಯ. ಹೊರಗಿನೋರ ಕೈಗೆ ಕೊಟ್ಟು ಕಣ್ಣೀರು ಹಾಕೋದ್ಯಾಕೆ ಅಂತ."

ಮೇಡಂ ಮಣ್ಣು ಮೆತ್ತಿದ ಕೈಯಲ್ಲೇ ಪತ್ರಿಕೆ ಮಡಿಸಿದರು. "ಬೇಡ ತಾಯಮ್ಮ. ಇನ್ನೂ ಕಾಲ ಮಿಂಚಿಲ್ಲ, ಬೇರೆ ಕಡೆ ನೋಡು."

ಚಿಕ್ಕತಾಯಮ್ಮನ ಮೈಯೆಲ್ಲ ಉರಿಯಿತು. "ಗಿಡದ ಮಾತ ನನ್ನ ಮಗಳ ತಂಕ ತರಬ್ಯಾಡಿ. ಓದ್ದೋರು ನೀವು, ಇಷ್ಟ ಬಂದೋರ ಕಟ್ಕತೀರಿ. ಮನೆ ಹೆಣ್ಣ ಮನೇಲೇ ಉಳಿಸ್ಕೊಳ್ಳೋದು ನಿಮಗೆಂಗೆ ಗೊತ್ತಾಗಬೇಕು?"

ಮೇಡಂ ಬುಟ್ಟಿಯ ಪಕ್ಕ ಕುಳಿತು, ಸಸಿಗಳಿಗೆ ಕಟ್ಟಿದ್ದ ನಂಬರು ಚೀಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

"ನನ್ನನ್ನೂ ನಮ್ಮಮ್ಮನ ತಮ್ಮನಿಗೇ ಕೊಟ್ಟಿದ್ರು. ಮೂರು ಹೆತ್ತೆ. ಹೆಸರಿಡೋವರೆಗೆ ಒಂದೂ ಉಳೀಲಿಲ್ಲ."